ಪ್ರೂಫ್ ಸಾರ್ ತಿದ್ದಿದ ಪ್ರಾರ್ಥನೆ

ಹೋದ ತಿಂಗಳು ನಮ್ಮ ಪತ್ರಿಕೆಯ ಆರನೆಯ ಪುಟದಲ್ಲಿ ಅವರ ನಿಧನದ ಸುದ್ದಿ ನಾಲ್ಕು ಸಾಲು ಬಂತು. ನಾಲ್ಕು ಸಾಲಿನಲ್ಲಿ ಎರಡು ಅಚ್ಚಿನ ತಪ್ಪು. ಮೂವತ್ತು ವರ್ಷ ಅದೇ ಪತ್ರಿಕೆಯ ಪ್ರೂಫ್ ನೋಡಿದವರ ಸುದ್ದಿಗೇ ಹೀಗಾಯಿತಲ್ಲ ಎಂದು ಡೆಸ್ಕಿನಲ್ಲಿ ಕೆಲವರು ಪೇಚಾಡಿಕೊಂಡರು. ನಾನು ಸುಮ್ಮನೆ ನಕ್ಕೆ. ಅವರಿದ್ದಿದ್ದರೆ ಕೆಂಪು ಪೆನ್ಸಿಲ್ ತೆಗೆದು ಎರಡು ಗೆರೆ ಎಳೆದು, ತಮ್ಮ ಮಾಮೂಲಿ ಮಾತು ಹೇಳಿ ಕಾಫಿಗೆ ಹೊರಡುತ್ತಿದ್ದರು: "ಕಾಪಿ ಸರಿಯಾಗೇ ಇದೆ ಕಣ್ರೀ. ಪ್ರೂಫಲ್ಲಿ ಮಾತ್ರ ಕೆಟ್ಟಿದೆ."

ಕಾಪಿ ಎಂದರೆ ಬರೆದುಕೊಟ್ಟ ಮೂಲ, ಪ್ರೂಫ್ ಎಂದರೆ ತಿದ್ದುವುದಕ್ಕೆ ತೆಗೆದ ಕರಡು ಅಚ್ಚು. ಆ ಮಾತು ಅವರಿಗೆ ಕಸುಬಿನದೂ ಹೌದು, ಧರ್ಮದ್ದೂ ಹೌದು. ಅವರು ಕ್ರೈಸ್ತರು, ಪ್ರಾಟೆಸ್ಟೆಂಟ್ ಮನೆತನದವರು. ಆದರೆ ಅವರ ಕ್ರೈಸ್ತಧರ್ಮವನ್ನು ಅವರ ಚರ್ಚೂ ಒಪ್ಪುತ್ತಿರಲಿಲ್ಲ, ಅವರ ಹೆಂಡತಿಯೂ ಪೂರ್ತಿ ಒಪ್ಪಿರಲಿಲ್ಲ. ಅವರು ಹೇಳುತ್ತಿದ್ದುದು ಇಷ್ಟು: ದೇವರು ಎಂದರೆ ಮೇಲೆ ಕುಳಿತು ಲೆಕ್ಕ ಕೇಳುವ ಯಜಮಾನನಲ್ಲ, ಎಲ್ಲ ಕಡೆಯೂ ಇರುವ ಒಂದು ಮನಸ್ಸು. ಮನುಷ್ಯ ಆ ಮನಸ್ಸಿನ ಒಂದು ಯೋಚನೆ. ಯೋಚನೆ ಮೂಲದಲ್ಲಿ ಸರಿಯಾಗಿಯೇ ಇರುತ್ತದೆ. ಕಾಯಿಲೆ, ಕೋಪ, ಭಯ, ಪಾಪ ಎಲ್ಲ ಕಾಪಿಗೂ ಕಾಗದಕ್ಕೂ ನಡುವೆ ನುಸುಳಿದ ಅಚ್ಚಿನ ತಪ್ಪುಗಳು. ಪ್ರಾರ್ಥನೆ ಎಂದರೆ ಪ್ರೂಫನ್ನು ಕಾಪಿಯ ಪಕ್ಕದಲ್ಲಿಟ್ಟು ನೋಡುವುದು. ಯೇಸು ತಾನು ಯಾರೆಂದು ಮೊದಲು ತಿಳಿದುಕೊಂಡ ಹಿರಿಯಣ್ಣ. ಕ್ರಿಸ್ತ ಎನ್ನುವುದು ಆ ತಿಳಿವಿನ ಹೆಸರು. ಅದು ಯಾವ ಹೊತ್ತಿಗೆ ಯಾರಲ್ಲಿ ಬೇಕಾದರೂ ಎದ್ದು ನಿಲ್ಲಬಹುದು, ಬಸ್ ಕಂಡಕ್ಟರನಲ್ಲೂ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಅವರ ಹೆಂಡತಿ, ಮಗಳು ಇದ್ದಾರೆ. ಆ ಚರ್ಚಿನ ಹಿರಿಯರೂ ಕೆಲವರು ಇದ್ದಾರೆ. ಕಚೇರಿಯಲ್ಲಿ ಎಲ್ಲರೂ ಅವರನ್ನು ಪ್ರೂಫ್ ಸಾರ್ ಎನ್ನುತ್ತಿದ್ದೆವು. ಎಪ್ಪತ್ತರ ದಶಕದ ನಡುವೆ ನಾನು ವರದಿಗಾರನಾಗಿ ಸೇರಿದಾಗ ಅವರಾಗಲೇ ಪ್ರೂಫ್ ವಿಭಾಗದ ಮುಖ್ಯಸ್ಥರು. ಇಬ್ಬರ ಮನೆಯೂ ಆರ್.ಟಿ. ನಗರದಲ್ಲಿ, ಎರಡು ರಸ್ತೆ ಆಚೀಚೆ. ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು. ನಾನು ಅವರನ್ನು ಬಲ್ಲದ್ದು ಮುಖ್ಯವಾಗಿ ಬಸ್ಸಿನ ಎಡಗಡೆಯ ಸೀಟಿನಿಂದ.

ಈ ನಂಬಿಕೆ ಅವರಿಗೆ ಸಿಕ್ಕಿದ್ದು ಕಡಲೆಕಾಯಿ ಪೊಟ್ಟಣದಲ್ಲಿ. ಯಶವಂತಪುರ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ಹುರಿದ ಕಡಲೆಕಾಯಿ ಕೊಂಡಿದ್ದಾರೆ. ತಿಂದು ಮುಗಿಸಿ ಪೊಟ್ಟಣ ಬಿಚ್ಚಿ ಓದಿದ್ದಾರೆ; ಅಚ್ಚಾದದ್ದು ಏನಿದ್ದರೂ ಓದುವುದು ಅವರ ಚಟ. ಅದು ಯಾವುದೋ ಇಂಗ್ಲಿಷ್ ಧಾರ್ಮಿಕ ಮಾಸಿಕದ ಹಾಳೆ. ಒಂದೂ ಅಚ್ಚಿನ ತಪ್ಪಿರಲಿಲ್ಲವಂತೆ. ಇಷ್ಟು ಜೋಪಾನವಾಗಿ ಅಚ್ಚು ಹಾಕುವವರು ಸುಳ್ಳು ಹೇಳಲಾರರು ಎಂದು ಅಡಿಯಲ್ಲಿದ್ದ ವಿಳಾಸಕ್ಕೆ ಕಾಗದ ಬರೆದರು. ಅಂದಿನಿಂದ ಆ ಮಾಸಿಕ ಹಡಗಿನ ಅಂಚೆಯಲ್ಲಿ ಮೂರು ತಿಂಗಳು ತಡವಾಗಿ ಬರುತ್ತಿತ್ತು. ಕ್ರಿಸ್‌ಮಸ್ ಸಂಚಿಕೆಯನ್ನು ಅವರು ಮಾರ್ಚಿನ ಬಿಸಿಲಿನಲ್ಲಿ ಓದಿ ಸಂತೋಷಪಡುತ್ತಿದ್ದರು.

ಕಚೇರಿಯಲ್ಲಿ ಅಚ್ಚಿನ ಮೊಳೆ ಜೋಡಿಸುವವರಿಗೆ ಅವರು ಎಂದೂ "ತಪ್ಪು ಮಾಡಿದ್ದೀಯ" ಎಂದದ್ದಿಲ್ಲ. ಪ್ರೂಫ್ ಮುಂದಿಟ್ಟು, ಇಲ್ಲಿ ಕಾಪಿ ಸ್ವಲ್ಪ ಮಸುಕಾಗಿದೆ ನೋಡು ಎನ್ನುತ್ತಿದ್ದರು. ತಮಗೆ ಹುಷಾರಿಲ್ಲ ಎಂದೂ ಹೇಳುತ್ತಿರಲಿಲ್ಲ. ಜ್ವರ ಬಂದ ದಿನ ನನ್ನ ಕೈಯಲ್ಲಿ ರಜಾ ಚೀಟಿ ಕಳಿಸುತ್ತಿದ್ದರು: "ಇಂದು ದೇಹವು ಸಹಕರಿಸುತ್ತಿಲ್ಲವಾದ್ದರಿಂದ ರಜೆ ಕೊಡಬೇಕಾಗಿ ವಿನಂತಿ." ನಮ್ಮ ಸಂಪಾದಕರು ಒಮ್ಮೆ ಅದರ ಹಿಂಬದಿಯಲ್ಲೇ ಉತ್ತರ ಬರೆದು ನನಗೆ ಕೊಟ್ಟರು: "ದೇಹ ಮನೆಯಲ್ಲೇ ಇರಲಿ. ಮನಸ್ಸನ್ನು ಕಳಿಸಿ. ನಾಲ್ಕು ಪುಟ ಪ್ರೂಫ್ ಬಾಕಿ ಇದೆ." ಪ್ರೂಫ್ ಸಾರ್ ಅದನ್ನು ಜೋಪಾನವಾಗಿ ಮಡಿಸಿ ಬೈಬಲ್ಲಿನಲ್ಲಿಟ್ಟುಕೊಂಡರು. ಸಂಪಾದಕರಿಗೂ ತತ್ತ್ವ ಅರ್ಥವಾಗತೊಡಗಿದೆ ಎಂಬುದು ಅವರ ಅಭಿಪ್ರಾಯ.

ಇದು ನಮ್ಮ ಅದ್ವೈತವೇ ಅಲ್ಲವೇ ಎಂದು ಒಮ್ಮೆ ನಮ್ಮ ಉಪಸಂಪಾದಕರೊಬ್ಬರು ಕೇಳಿದರು. ನಿಮ್ಮಲ್ಲೂ ಇದೆ ಎಂದರೆ ಸಂತೋಷ, ನಾನಂತೂ ಓದಿದ್ದು ಬೈಬಲ್ಲಿನಲ್ಲೇ ಎಂದು ಪ್ರೂಫ್ ಸಾರ್ ಉತ್ತರ ಕೊಟ್ಟರು. ತಮ್ಮನ್ನು ಕ್ರೈಸ್ತರಲ್ಲ ಎನ್ನುವವರ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ಆದರೆ ಅದನ್ನು ಒಪ್ಪುತ್ತಲೂ ಇರಲಿಲ್ಲ.

ಗುರುವಾರ ಸಂಜೆ ಅವರ ಮನೆಯ ಮುಂದಿನ ಕೋಣೆಯಲ್ಲಿ ಮೌನ. ನಾಲ್ಕು ಕುರ್ಚಿ, ಒಂದು ಚಾಪೆ, ಒಂದು ಅಲಾರಂ ಗಡಿಯಾರ. ಶಿಲುಬೆ, ಮೇಣದ ಬತ್ತಿ, ಹಾಡು ಯಾವುದೂ ಇಲ್ಲ. ಬಂದವರು ತಮ್ಮ ತೊಂದರೆ ಹೇಳಿಕೊಳ್ಳುವುದು. ಆಮೇಲೆ ಇಪ್ಪತ್ತು ನಿಮಿಷ ಎಲ್ಲರೂ ಕಣ್ಣುಮುಚ್ಚಿ, ಆ ತೊಂದರೆ ಇಲ್ಲದ ಮೂಲ ಹೇಗಿದ್ದೀತೆಂದು ನೋಡುವುದು. ದೇವರನ್ನು ಏನೂ ಬೇಡುವಂತಿಲ್ಲ. "ತಾಲ್ಲೂಕು ಆಫೀಸಾ ಇದು, ಅರ್ಜಿ ಹಾಕೋಕೆ?" ಎನ್ನುತ್ತಿದ್ದರು. ಅಲಾರಂ ಹೊಡೆದ ಮೇಲೆ ಅವರ ಹೆಂಡತಿ ಕಾಫಿ ತರುತ್ತಿದ್ದರು. ಕಾಫಿ ಬಹಳ ಚೆನ್ನಾಗಿರುತ್ತಿತ್ತು. ನಾನು ತಪ್ಪದೆ ಹೋಗುತ್ತಿದ್ದುದಕ್ಕೆ ಅದೂ ಒಂದು ಕಾರಣವೆಂದು ದಾಖಲಿಸಬೇಕು.

ಅವರಿಗೆ ಹಾಲು ಹಾಕುತ್ತಿದ್ದ ಕೆಂಪಾಪುರದ ಹೆಂಗಸು ಒಂದು ಗುರುವಾರ ಬಂದು ಚಾಪೆಯ ತುದಿಯಲ್ಲಿ ಕುಳಿತಳು. ಕೆಂಪಾಪುರ ಆಗ ಹೊಲಗಳ ನಡುವಿನ ಹಳ್ಳಿ. "ಎಮ್ಮೆ ಮೂರು ದಿನದಿಂದ ಆಲೇ ಇಳಿಸ್ತಾ ಇಲ್ಲ ಸ್ವಾಮಿ. ಇಂಗೇ ಆದ್ರೆ ನಾನ್ ಏನ್ ತರ್ಲಿ ನಿಮಗೆ?" ಎಂದಳು. ಪ್ರೂಫ್ ಸಾರ್ ಎಮ್ಮೆಯ ಹೆಸರು ಕೇಳಿದರು. ಅದಕ್ಕೆ ಹೆಸರಿರಲಿಲ್ಲ. ಪರವಾಗಿಲ್ಲ ಎಂದು ಗಡಿಯಾರಕ್ಕೆ ಕೀ ಕೊಟ್ಟರು. ಒಬ್ಬ ಬ್ಯಾಂಕ್ ಅಧಿಕಾರಿ, ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರು, ಒಬ್ಬ ವರದಿಗಾರ ಇಪ್ಪತ್ತು ನಿಮಿಷ ಕಣ್ಣುಮುಚ್ಚಿ ಹೆಸರಿಲ್ಲದ ಎಮ್ಮೆಯ ಮೂಲಸ್ವರೂಪವನ್ನು ಧ್ಯಾನಿಸಿದೆವು. ಮರುದಿನ ಬೆಳಿಗ್ಗೆ ಎಮ್ಮೆ ಹಾಲು ಕೊಟ್ಟಿತು.

ವಿಚಾರಿಸಿದೆ. ಗುರುವಾರ ಮಧ್ಯಾಹ್ನವೇ ಹೆಬ್ಬಾಳದಿಂದ ಪಶುವೈದ್ಯರು ಬಂದು ಇಂಜೆಕ್ಷನ್ ಕೊಟ್ಟು ಹೋಗಿದ್ದರು. ಇದನ್ನು ಬಸ್ಸಿನಲ್ಲಿ ಪ್ರೂಫ್ ಸಾರ್‌ಗೆ ತಿಳಿಸಿದೆ. ಅವರೇನೂ ಕುಗ್ಗಲಿಲ್ಲ. ನೀವು ವರದಿಗಾರರು, ಎರಡನ್ನೂ ಬರೆದುಕೊಳ್ಳಿ ಎಂದರು. ಯಾರಿಗೂ ಡಾಕ್ಟರ ಹತ್ತಿರ ಹೋಗಬೇಡಿ ಎಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ. ಅವರ ಹೆಂಡತಿ ತಲೆನೋವಿನ ಮಾತ್ರೆಗಳನ್ನು ರಾಗಿ ಡಬ್ಬದಲ್ಲಿ ಬಚ್ಚಿಡುತ್ತಿದ್ದರು. ಅದು ಗಂಡನಿಗೂ ಗೊತ್ತಿತ್ತು, ಮಾತ್ರೆ ಮುಗಿದಾಗ ತಾವೇ ತಂದು ಅದೇ ಡಬ್ಬದಲ್ಲಿ ಹಾಕುತ್ತಿದ್ದರು. ಎಮ್ಮೆಯ ಸುದ್ದಿ ಕೇಳಿ ಅವರ ಹೆಂಡತಿ ನನಗೆ ಹೇಳಿದ್ದಿಷ್ಟು: "ಎಮ್ಮೆ ಪುಣ್ಯವಂತೆ. ಅದಕ್ಕೆ ಇಂಜೆಕ್ಷನ್ನೂ ಸಿಕ್ತು, ಇಪ್ಪತ್ತು ನಿಮಿಷ ಇವರ ಗಮನಾನೂ ಸಿಕ್ತು."

ಆಕೆ ಚರ್ಚಿನ ಗಾಯಕವೃಂದದಲ್ಲಿ ಇಪ್ಪತ್ತು ವರ್ಷದಿಂದ ಹಾಡುತ್ತಿದ್ದವರು. ಹೆಬ್ಬಾಳದ ಕಡೆಗಿದ್ದ ಸಣ್ಣ ಚರ್ಚು ಅದು. ಪ್ರೂಫ್ ಸಾರ್ ಕೂಡ ಒಂದು ಭಾನುವಾರವೂ ತಪ್ಪಿಸುತ್ತಿರಲಿಲ್ಲ. ಆರಾಧನೆಯ ಶುರುವಿನಲ್ಲಿ ಸಭೆಯವರೆಲ್ಲ ಸೇರಿ, ತಾವು ಪಾಪಿಗಳೆಂದು ಒಪ್ಪಿಕೊಳ್ಳುವ ಪಾಪದ ಅರಿಕೆ ಹೇಳುವುದುಂಟು. "ಆ ಸಾಲು ಬಂದಾಗ ಇವರಿಗೆ ಕೆಮ್ಮು ಬರತ್ತೆ" ಎಂದು ಹೆಂಡತಿ ಹೇಳುತ್ತಿದ್ದರು. ಸಭಾಪಾಲಕರಿಗೂ, ಅಂದರೆ ಚರ್ಚಿನ ಪಾದ್ರಿಗೂ, ಆ ಕೆಮ್ಮು ಪರಿಚಿತವಾಗಿತ್ತು. ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ.

ದೊಡ್ಡದಾದದ್ದು ಎಂಬತ್ತರ ದಶಕದ ಮೊದಲಲ್ಲಿ, ಕೊಯ್ಲಿನ ಹಬ್ಬದ ಸಮಯದಲ್ಲಿ. ಆ ಹಬ್ಬಕ್ಕೆ ಚರ್ಚಿನವರು ಆರಾಧನೆಯ ಕ್ರಮವನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಎಲ್ಲರ ಕೈಗೂ ಕೊಡುತ್ತಿದ್ದರು. ಯಶವಂತಪುರದ ಒಂದು ಸಣ್ಣ ಪ್ರೆಸ್ಸಿನಲ್ಲಿ ಅದರ ಅಚ್ಚು. ಪ್ರೂಫ್ ನೋಡುವುದು ಪ್ರತಿವರ್ಷವೂ ಪ್ರೂಫ್ ಸಾರ್. ಆ ವರ್ಷವೂ ಶನಿವಾರ ಹೋಗಿ ನೋಡಿ ಬಂದರು. ಭಾನುವಾರ ಸಭೆ ಎದ್ದು ನಿಂತು ಹಾಳೆ ನೋಡಿಕೊಂಡು ಒಕ್ಕೊರಲಿನಿಂದ ಓದಿತು. ಆರಾಧನೆ ಮುಗಿದ ಮೇಲೆ ಒಬ್ಬ ಅಜ್ಜಿ ಬಾಗಿಲಲ್ಲಿ ಸಭಾಪಾಲಕರ ಕೈ ಹಿಡಿದು, ಇವತ್ತಿನ ಪ್ರಾರ್ಥನೆ ಹೇಳಿ ಮನಸ್ಸಿಗೆ ಬಹಳ ಹಗುರವಾಯಿತು ಅಯ್ನೋರೇ ಎಂದರಂತೆ. ಸಭಾಪಾಲಕರಿಗೆ ಅನುಮಾನ ಬಂದು ಹಾಳೆ ತೆಗೆದು ನೋಡಿದರು.

ಕಾಪಿಯಲ್ಲಿ ಇದ್ದದ್ದು: "ಯಾವ ಯೋಗ್ಯತೆಯೂ ಇಲ್ಲದ ಪಾಪಿಗಳಾದ ನಾವು ನಿನ್ನ ಮುಂದೆ ಬಂದಿದ್ದೇವೆ. ನಮ್ಮಲ್ಲಿ ಒಳ್ಳೆಯದೇನೂ ಇಲ್ಲ." ಅಚ್ಚಾದದ್ದು: "ನಿನ್ನ ಮಕ್ಕಳಾದ ನಾವು ನಿನ್ನ ಮುಂದೆ ಬಂದಿದ್ದೇವೆ. ನಮ್ಮಲ್ಲಿ ಒಳ್ಳೆಯದಲ್ಲದೆ ಬೇರೇನೂ ಇಲ್ಲ."

ಇನ್ನೂರು ಜನ ಇದನ್ನು ಗಟ್ಟಿಯಾಗಿ ಹೇಳಿ ಮನೆಗೆ ಹೋಗಿ ಊಟ ಮಾಡಿದ್ದರು.

ಅದೇ ಹೊತ್ತಿಗೆ ಪ್ರೂಫ್ ಸಾರ್ ಮಗಳ ಮದುವೆ ಗೊತ್ತಾಗಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸದಲ್ಲಿದ್ದ ಹುಡುಗಿ, ಗಂಡು ಮೈಸೂರಿನವನು. ಅವರ ಸಂಪ್ರದಾಯದಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ವಧೂವರರ ಹೆಸರನ್ನು ಚರ್ಚಿನಲ್ಲಿ ಓದಿ, ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಕೇಳಬೇಕು. ಮೊದಲನೆಯ ಪ್ರಕಟಣೆ ಬರುವ ಭಾನುವಾರ ಆಗಲೇಬೇಕಿತ್ತು. ಆಗದಿದ್ದರೆ ಗೊತ್ತಾದ ದಿನಕ್ಕೆ ಮದುವೆ ಆ ಚರ್ಚಿನಲ್ಲಿ ನಡೆಯುವಂತಿಲ್ಲ. ಚರ್ಚಿನ ಸಮಿತಿ ತೀರ್ಮಾನಿಸಿತು: ಈ ಹಾಳೆಯ ವಿಷಯ ಇತ್ಯರ್ಥವಾಗುವವರೆಗೆ ಪ್ರಕಟಣೆ ಇಲ್ಲ. ಬುಧವಾರ ಸಂಜೆ ಪ್ರೂಫ್ ಸಾರ್ ಬಂದು ಉತ್ತರ ಕೊಡಬೇಕು.

ತಪ್ಪು ಯಾರದೆಂದು ತಿಳಿಯಲು ಮಂಗಳವಾರ ನಾನು ಯಶವಂತಪುರದ ಪ್ರೆಸ್ಸಿಗೆ ಹೋದೆ. ತಂತಿಗೆ ಚುಚ್ಚಿದ್ದ ಹಳೆಯ ಪ್ರೂಫುಗಳ ನಡುವೆ ಆ ಹಾಳೆ ಇತ್ತು. ಅದೇ ಕೆಂಪು ಪೆನ್ಸಿಲ್, ಅದೇ ಸಣ್ಣ ಗುಂಡು ಅಕ್ಷರ. ಕಾಪಿಯಲ್ಲಿ ಇಲ್ಲದ್ದನ್ನು ಯಾಕೆ ಜೋಡಿಸಿದಿರಿ ಎಂದು ಮೊಳೆ ಜೋಡಿಸುವ ಕಂಪಾಸಿಟರನ್ನು ಕೇಳಿದೆ. ಅರವತ್ತು ದಾಟಿದ ಮನುಷ್ಯ, ಕನ್ನಡಕ ಮೇಲೇರಿಸಿ ನನ್ನನ್ನು ನೋಡಿದರು. "ಸಾರ್ ಕೆಂಪಲ್ಲಿ ಬರೆದ್ರೆ ಅದೇ ಕಾಪಿ ಕಣಪ್ಪ ನಮಗೆ."

ಬುಧವಾರ ಪ್ರೂಫ್ ಸಾರ್ ನನ್ನನ್ನೂ ಕರೆದುಕೊಂಡು ಹೋದರು. ಅವರು ಹೇಳುವುದನ್ನು ಹೇಳಿದಂತೆಯೇ ಬರೆದುಕೊಳ್ಳಲು ಒಬ್ಬ ಹೊರಗಿನವನು ಇರಲಿ ಎಂಬುದು ಅವರ ಕೋರಿಕೆ, ಸಭಾಪಾಲಕರು ಒಪ್ಪಿದರು. ಚರ್ಚಿನ ಹಿಂಬದಿಯ ಕೋಣೆಯಲ್ಲಿ ಐದು ಜನ ಕುಳಿತಿದ್ದರು. ಸಭಾಪಾಲಕರಿಗೆ ನಲವತ್ತು ದಾಟಿರಲಿಲ್ಲ, ಎರಡು ದಿನದಿಂದ ನಿದ್ದೆಗೆಟ್ಟ ಮುಖ. ಕಾರ್ಯದರ್ಶಿ ನಿವೃತ್ತ ರೈಲ್ವೆ ಗಾರ್ಡು, ಮಾತು ಕಟ್ಟುನಿಟ್ಟು.

ಮೊದಲು ಪಾರಾಗುವ ಬಾಗಿಲು ತೆರೆದುಕೊಟ್ಟವರು ಆ ಕಾರ್ಯದರ್ಶಿಯೇ. ಪ್ರೆಸ್ಸಿನವರ ತಪ್ಪು ಎಂದು ಎರಡು ಸಾಲು ಬರೆದುಕೊಡಿ, ಮುಂದಿನ ವರ್ಷ ಬೇರೆ ಪ್ರೆಸ್ಸಿಗೆ ಕೊಡೋಣ, ವಿಷಯ ಇಲ್ಲಿಗೇ ಮುಗಿಯಲಿ ಎಂದರು. ಪ್ರೂಫ್ ಸಾರ್‌ಗೆ ಇದಕ್ಕಿಂತ ಸುಲಭದ ದಾರಿ ಇರಲಿಲ್ಲ. ತಪ್ಪಿಗೆ ಕರ್ತೃವೇ ಇಲ್ಲ, ಅದು ತಾನಾಗಿ ಕಾಣಿಸಿಕೊಂಡು ತಾನಾಗಿ ಹೋಗುವಂಥದ್ದು ಎಂದು ಬಸ್ಸಿನಲ್ಲಿ ಎಷ್ಟೋ ಸಲ ನನಗೆ ಬೋಧಿಸಿದವರು ಅವರು. ಆ ತತ್ತ್ವವನ್ನು ಈಗ ಬಳಸಿಕೊಳ್ಳುತ್ತಾರೇನೋ ಎಂದು ಪೆನ್ನು ಹಿಡಿದು ಕಾದೆ.

"ಪ್ರೆಸ್ಸಿನವರು ಒಂದಕ್ಷರ ತಪ್ಪು ಮಾಡಿಲ್ಲ" ಎಂದರು. "ಪೆನ್ಸಿಲ್ ನಂದು."

ಬೇಕೆಂದೇ ಮಾಡಿದಿರಾ ಎಂದು ಸಭಾಪಾಲಕರು ಕೇಳಿದರು. ಪ್ರೂಫ್ ಸಾರ್ ಹೇಳಿದರು: "ಮಾಡೋವಾಗ ಗೊತ್ತಾಗ್ಲಿಲ್ಲ ಅಯ್ನೋರೇ. ಕಣ್ಣಿಗೆ ತಪ್ಪು ಕಾಣಿಸ್ತು, ಕೈ ತಿದ್ದಿಬಿಡ್ತು. ಆದ್ರೆ ಗೊತ್ತಾದ ಮೇಲೂ ತಪ್ಪಾಗಿ ತಿದ್ದಿದೀನಿ ಅನ್ನಿಸ್ತಿಲ್ಲ. ಸಭೆ ಕೇಳದೆ ಅವರ ಪ್ರಾರ್ಥನೆ ಮುಟ್ಟಿದ್ದು ಮಾತ್ರ ತಪ್ಪು. ಅದಕ್ಕೆ ಕ್ಷಮೆ ಕೇಳ್ತೀನಿ."

"ಅಂದ್ರೆ ನಾವ್ಯಾರೂ ಪಾಪಿಗಳೇ ಅಲ್ಲ ಅಂತೀರಾ?" ಕಾರ್ಯದರ್ಶಿ ಕೇಳಿದರು.

"ನಿಮ್ಮನ್ನ ಇಪ್ಪತ್ತು ವರ್ಷದಿಂದ ನೋಡ್ತಿದೀನಿ. ಖಂಡಿತ ಅಲ್ಲ."

ನಮ್ಮನ್ನು ಹೊರಗೆ ಕೂರಿಸಿ ಸಮಿತಿಯವರೇ ಅರ್ಧ ಗಂಟೆ ಮಾತಾಡಿಕೊಂಡರು. ಕೊನೆಗೆ ಹೊರಬಿದ್ದ ತೀರ್ಮಾನ: ಭಾನುವಾರ ಅವರು ಸಭೆಯ ಮುಂದೆ ನಿಂತು ಮೂಲ ಅರಿಕೆಯನ್ನು ಪೂರ್ತಿ ಓದಬೇಕು. ಓದಿದರೆ ಅಂದೇ ಮೊದಲ ಪ್ರಕಟಣೆ.

ಹೊರಗಿನವರಿಗೆ ಇದು ಹಗುರವಾದ ಶಿಕ್ಷೆ. ಅವರಿಗೆ ಹಾಗಿರಲಿಲ್ಲ. ಬಾಯಲ್ಲಿ ಬಂದ ಮಾತು ಬದುಕಿನಲ್ಲಿ ಅಚ್ಚಾಗುತ್ತದೆ ಎಂದು ನಂಬಿದವರು, "ತಲೆನೋವು" ಎಂಬ ಶಬ್ದವನ್ನೇ ಆಡದವರು, ಇನ್ನೂರು ಜನರ ಮುಂದೆ ನಿಂತು ನಮ್ಮಲ್ಲಿ ಒಳ್ಳೆಯದೇನೂ ಇಲ್ಲ ಎಂದು ಹೇಳಬೇಕು. ಬಸ್ಸಿನಲ್ಲಿ ಎರಡು ದಿನ ಅವರು ಕೈಯಲ್ಲಿದ್ದ ಟಿಕೆಟ್ಟನ್ನೂ ಓದಲಿಲ್ಲ.

ಶನಿವಾರ ಸಂಜೆ ಅವರ ಮನೆಗೆ ಹೋದೆ. ಮಗಳು ಬಾಗಿಲ ಪಕ್ಕ ನಿಂತಿದ್ದಳು. "ಅಪ್ಪಾ, ನಿಮಗೆ ಸುಳ್ಳು ಅನ್ನಿಸೋದನ್ನ ನನಗೋಸ್ಕರ ಹೇಳ್ಬೇಡಿ. ರಿಜಿಸ್ಟ್ರಾರ್ ಆಫೀಸಲ್ಲಿ ಮಾಡ್ಕೋತೀವಿ. ಅವರ ಮನೇಲೂ ಒಪ್ತಾರೆ" ಎಂದಳು. ಅಡುಗೆಮನೆಯಿಂದ ತಾಯಿಯ ದನಿ ಬಂತು: "ಒಪ್ತಾರೆ ಒಪ್ತಾರೆ. ಊರವರ ಮಕ್ಕಳ ಮದುವೆಗೆಲ್ಲ ಇಪ್ಪತ್ತು ವರ್ಷ ಹಾಡಿದೀನಿ. ನನ್ನ ಮಗಳ ಮದುವೆಗೆ ರಿಜಿಸ್ಟ್ರಾರ್ ಮುಂದೆ ನಿಂತ್ಕೊಂಡು ಹಾಡ್ಲಾ?" ತಮಾಷೆಯಾಗಿ ಶುರುವಾದ ಮಾತು ಕೊನೆಗೆ ಬರುವಷ್ಟರಲ್ಲಿ ಬೇರೆಯಾಗಿತ್ತು. ಪ್ರೂಫ್ ಸಾರ್ ಎದ್ದು ಅಡುಗೆಮನೆಗೆ ಹೋದರು. ನಾನು ಕಾಫಿಗೆ ಕಾಯದೆ ಮನೆಗೆ ಬಂದೆ.

ಭಾನುವಾರ ನಾನು ಹಿಂದಿನ ಬೆಂಚಿನಲ್ಲಿ ಕುಳಿತೆ. ಚರ್ಚು ತುಂಬಿತ್ತು, ಸುದ್ದಿ ಹರಡಿತ್ತು. ಸಭಾಪಾಲಕರು ಹೆಸರು ಕರೆದರು. ಪ್ರೂಫ್ ಸಾರ್ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮುಂದೆ ಹೋಗಿ, ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಶುರುಮಾಡಿದರು.

"ಪರಲೋಕದ ತಂದೆಯೇ ಕಾಮಾ ಯಾವ ಯೋಗ್ಯತೆಯೂ ಇಲ್ಲದ ಪಾಪಿಗಳಾದ ನಾವು ನಿನ್ನ ಮುಂದೆ ಬಂದಿದ್ದೇವೆ ಫುಲ್‌ಸ್ಟಾಪ್ ನಮ್ಮಲ್ಲಿ ಒಳ್ಳೆಯದೇನೂ ಇಲ್ಲ ಫುಲ್‌ಸ್ಟಾಪ್ ಹೊಸ ಪ್ಯಾರಾ..."

ಪ್ರೆಸ್ಸಿನ ಪದ್ಧತಿ ತಿಳಿಯದವರಿಗೆ ಹೇಳಬೇಕು. ಮುಖ್ಯವಾದ ಬರಹವನ್ನು ಇಬ್ಬರು ಸೇರಿ ನೋಡುತ್ತಾರೆ. ಒಬ್ಬರು ಕಾಪಿಯನ್ನು ಗಟ್ಟಿಯಾಗಿ ಓದಿದರೆ ಇನ್ನೊಬ್ಬರು ಪ್ರೂಫಿನ ಮೇಲೆ ಕಣ್ಣಿಟ್ಟಿರುತ್ತಾರೆ. ಓದುವವರು ಏನನ್ನೂ ಬಿಡುವಂತಿಲ್ಲ, ಏನನ್ನೂ ಸೇರಿಸುವಂತಿಲ್ಲ. ಚಿಹ್ನೆಗಳನ್ನೂ ಹೇಳಬೇಕು. ಮಂತ್ರಿಗಳ ಭಾಷಣವಾಗಲಿ ಟೆಂಡರ್ ಪ್ರಕಟಣೆಯಾಗಲಿ ಒಂದೇ ರಾಗ. ಅದರಲ್ಲಿ ಬರೆದದ್ದು ನಿಜವೇ ಎಂದು ಓದುವವರನ್ನು ಯಾರೂ ಕೇಳುವುದಿಲ್ಲ. ಪ್ರೂಫ್ ಸಾರ್ ಅರಿಕೆಯನ್ನು ಆ ರಾಗದಲ್ಲಿ ಓದುತ್ತಿದ್ದರು.

ಅಣಕವಾಗಿರಲಿಲ್ಲ ಅದು. ಕಚೇರಿಯಲ್ಲಿ ಮಾಡುವಂತೆಯೇ ಬೆರಳನ್ನು ಸಾಲಿನಿಂದ ಸಾಲಿಗೆ ಜರುಗಿಸುತ್ತಿದ್ದರು. ಮೊದಲ "ಫುಲ್‌ಸ್ಟಾಪಿಗೆ" ಯಾರೋ ಮಕ್ಕಳು ಕಿಸಕ್ಕೆಂದರು. ಎರಡನೆಯದಕ್ಕೆ ಗಾಯಕವೃಂದದ ಸಾಲಿನಲ್ಲಿ ಇಬ್ಬರು ಹಾಡಿನ ಪುಸ್ತಕದಿಂದ ಮುಖ ಮುಚ್ಚಿಕೊಂಡರು. ಅವರಲ್ಲಿ ಒಬ್ಬರು ಪ್ರೂಫ್ ಸಾರ್ ಹೆಂಡತಿ. ಕೊನೆಯ ಸಾಲು ಮುಗಿದ ಮೇಲೆ ಪ್ರೂಫ್ ಸಾರ್ ಅಭ್ಯಾಸಬಲದಿಂದ "ಕಾಪಿ ಮುಗೀತು" ಎಂದೂ ಸೇರಿಸಿ, ಕನ್ನಡಕ ತೆಗೆದು ಸಭಾಪಾಲಕರ ಕಡೆ ತಿರುಗಿ ನಿಂತರು.

ಸಭಾಪಾಲಕರು ಒಂದೇ ಒಂದು ಪ್ರಶ್ನೆ ಕೇಳಬಹುದಿತ್ತು. ನೀವು ಓದಿದ್ದನ್ನು ನಂಬುತ್ತೀರಾ? ಕಾರ್ಯದರ್ಶಿ ಆ ಪ್ರಶ್ನೆಗಾಗಿ ಕಾಯುತ್ತ ಕುತ್ತಿಗೆ ಚಾಚಿದ್ದರು. ಇಡೀ ಸಭೆ ಕಾಯುತ್ತಿತ್ತು. ಮಗಳು ತಲೆ ತಗ್ಗಿಸಿ ಕುಳಿತಿದ್ದಳು. ಸಭಾಪಾಲಕರು ಪ್ರೂಫ್ ಸಾರ್ ಮುಖವನ್ನು ನೋಡಿದರು, ಆಮೇಲೆ ಗಾಯಕವೃಂದದ ಕಡೆ ನೋಡಿದರು. ವೇದಿಕೆಯ ಮೇಲಿದ್ದ ರಿಜಿಸ್ಟರ್ ತೆರೆದು, ಮದುವೆಯ ಪ್ರಕಟಣೆ, ಮೊದಲನೆಯ ಸಲ ಎಂದು ಓದಲು ಶುರುಮಾಡಿದರು. ಹುಡುಗಿಯ ಹೆಸರು, ಹುಡುಗನ ಹೆಸರು, ಊರು. ಆಕ್ಷೇಪಣೆ ಯಾರಿಂದಲೂ ಬರಲಿಲ್ಲ.

ಹೊರಗೆ ಗೇಟಿನ ಬಳಿ ಸಭಾಪಾಲಕರು ನನ್ನನ್ನು ತಡೆದರು. ನಿಮ್ಮ ಪುಸ್ತಕದಲ್ಲಿ ಏನೆಂದು ಬರೆದುಕೊಂಡಿರಿ ಎಂದು ಕೇಳಿದರು. "ಓದಿದರು" ಎಂದು ಬರೆದುಕೊಂಡಿದ್ದೇನೆ ಎಂದೆ. ಚರ್ಚಿನ ದಾಖಲೆಯಲ್ಲಿ ನಾನೂ ಅಷ್ಟೇ ಬರೆಯುತ್ತೇನೆ ಎಂದು ಹೇಳಿ ಒಳಗೆ ಹೋದರು.

ಸೋಮವಾರ ಬಸ್ಸಿನಲ್ಲಿ ಪ್ರೂಫ್ ಸಾರ್ ಮತ್ತೆ ಮೊದಲಿನಂತಾಗಿದ್ದರು. ಒಂದು ಮಾತು ಕೇಳಿದೆ: ನಂಬ್ತೀರಾ ಅಂತ ಸಭಾಪಾಲಕರು ಕೇಳಿಬಿಟ್ಟಿದ್ದರೆ?

"ಇಲ್ಲ ಅಂತಿದ್ದೆ."

ಮಗಳ ಮದುವೆ?

"ಇಲ್ಲ ಅಂತೀನಿ ಅಂತ ಅವರಿಗೂ ಗೊತ್ತಿತ್ತು. ಅದಕ್ಕೇ ಕೇಳ್ಲಿಲ್ಲ." ಟಿಕೆಟ್ಟನ್ನು ಓದಿ ಮುಗಿಸಿ ಜೇಬಿಗಿಟ್ಟು ನನ್ನ ಕಡೆ ತಿರುಗಿದರು. "ನಿನ್ನೆ ಅಷ್ಟು ಹೊತ್ತು ಕ್ರಿಸ್ತ ಇದ್ದಿದ್ದು ಅವರಲ್ಲಿ ಕಣ್ರೀ. ನಾನು ಬರೀ ಕಾಪಿ ಓದ್ತಾ ಇದ್ದೆ."